ಉಳುಕು ತೆಗೆಯುತ್ತಿದ್ದ ಕಾಲು

ನನ್ನ ತಮ್ಮ ಕಾಲು ಮುಂದಾಗಿ ಹುಟ್ಟಿದವನು. ಹೆರಿಗೆ ಮನೆಯಲ್ಲೇ ಆಯಿತು. ಮೈಯೆಲ್ಲ ಹೊರಗೆ ಬಂದ ಮೇಲೆ ತಲೆ ಸಿಕ್ಕಿಕೊಂಡಿತಂತೆ. ಕೂಸು ನೀಲಿಗಟ್ಟಿತ್ತು, ಅಳುವುದಕ್ಕೆ ಬಹಳ ಹೊತ್ತು ಹಿಡಿಯಿತು ಎಂದು ಅಮ್ಮ ಹೇಳುತ್ತಿದ್ದಳು. ಆ ಹೊತ್ತಿನಲ್ಲಿ ಮಿದುಳಿಗೆ ಬಿದ್ದ ಪೆಟ್ಟು ಅವನನ್ನು ಬಿಡಲಿಲ್ಲ. ಕೈಕಾಲು ಬಿಗಿದುಕೊಂಡೇ ಇರುತ್ತಿದ್ದವು. ನಡೆಯಲಾರ, ತಾನಾಗಿ ಕೂರಲಾರ. ಮಾತು ತೊದಲು; ಮನೆಯವರಿಗೆ ಮಾತ್ರ ಅರ್ಥವಾಗುವಂಥದ್ದು. ಆಗಾಗ ಫಿಟ್ಸ್ ಬರುತ್ತಿತ್ತು, ಅದಕ್ಕೆ ದಿನಾ ಮಾತ್ರೆ. ಬುದ್ಧಿಗೆ ಏನೂ ಆಗಿರಲಿಲ್ಲ. ಸೆರೆಬ್ರಲ್ ಪಾಲ್ಸಿ ಎಂಬ ಹೆಸರು ನಮ್ಮ ಕಿವಿಗೆ ಬಿದ್ದದ್ದು ಅವನಿಗೆ ಮೀಸೆ ಬಂದ ಮೇಲೆ.

ನಮ್ಮ ಕಡೆ ಒಂದು ನಂಬಿಕೆ ಇದೆ. ಕಾಲು ಮುಂದಾಗಿ ಹುಟ್ಟಿದವರ ಪಾದ ಮೂರು ಸಲ ತಾಗಿದರೆ ಬೆನ್ನಿನ ಉಳುಕು ಬಿಡುತ್ತದೆ. ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಬೆನ್ನುನೋವಿಗೇನು ಬರ? ಬೆಳಗಿನಿಂದ ಸಂಜೆಯವರೆಗೆ ಮಗ್ಗದ ಮುಂದೆ ಬಾಗಿ ನಿಲ್ಲುವವರು, ನೂಲಿನ ಮೂಟೆ ಹೊರುವವರು, ಸೀರೆಯ ಗಂಟು ಹೊತ್ತು ಬಸ್ಸು ಹತ್ತುವವರು. ಎಲ್ಲರೂ ನಮ್ಮ ಜಗಲಿಗೆ ಬರುತ್ತಿದ್ದರು. ತಮ್ಮನನ್ನು ಕಂಬಕ್ಕೆ ಒರಗಿಸಿ ಕೂರಿಸಿರುತ್ತಿದ್ದೆವು. ಬಂದವರು ಅವನ ಮುಂದೆ ಬೋರಲು ಮಲಗುತ್ತಿದ್ದರು. ಅಮ್ಮ ಅವನ ಬಲಗಾಲನ್ನು ಎತ್ತಿ ಅವರ ಬೆನ್ನಿಗೆ ಮೂರು ಸಲ ತಾಗಿಸುತ್ತಿದ್ದಳು. ಅಷ್ಟೇ ವೈದ್ಯ. ಕೈಗೆ ಏನೂ ತೆಗೆದುಕೊಳ್ಳಬಾರದು, ತೆಗೆದುಕೊಂಡರೆ ಫಲ ಇಲ್ಲ.

ಕರೆಂಟು ಹೋದಾಗ ಜನ ಹೆಚ್ಚು. ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಂತರೆ ಕಿವಿಯೊಳಗೆ ಒಂಥರಾ ಖಾಲಿಯಾಗುತ್ತಿತ್ತು. ಆಗ ಒಬ್ಬೊಬ್ಬರೇ ಸೊಂಟ ಹಿಡಿದುಕೊಂಡು ಹೊರಗೆ ಬರುತ್ತಿದ್ದರು. ಕಂಬದ ಹತ್ತಿರದಿಂದಲೇ ತಮ್ಮ ಕೂಗುತ್ತಿದ್ದ, "ಬಾ, ಒದೀತೀನಿ ಬಾ!"

"ಏನಪ್ಪಾ, ಎಲ್ರನ್ನೂ ಒದ್ದು ಒದ್ದು ಸಾಕಾಗ್ಲಿಲ್ವಾ ನಿಂಗೆ?" ಎಂದು ಪಕ್ಕದ ಮನೆಯ ಅಜ್ಜಿ ಛೇಡಿಸುತ್ತಿದ್ದಳು.

"ನಿನ್ನ ಒದ್ದಿಲ್ವಲ್ಲ, ಅದಕ್ಕೇ ಇಷ್ಟು ಮಾತಾಡ್ತೀಯ" ಎನ್ನುತ್ತಿದ್ದ. ನಾನೋ ಅಮ್ಮನೋ ಅದನ್ನು ಬಿಡಿಸಿ ಹೇಳಬೇಕು. ಹೇಳುವ ಮೊದಲೇ ಅವನು ನಗಲು ಶುರು ಮಾಡಿರುತ್ತಿದ್ದ.

ಅವನಿಗೆ ಬೇರೆ ಕೆಲಸ ಇರಲಿಲ್ಲ. ಅಪ್ಪನಿಗೆ ಮಗ್ಗ, ಅಮ್ಮನಿಗೆ ಅಡುಗೆ ಮತ್ತು ಅವನು, ನನಗೆ ಬೆಂಗಳೂರಿನ ಕಾರ್ಖಾನೆ. ಸೈರನ್ನಿಗೆ ಹೊಂದಿಕೊಂಡ ಜೀವ ನನ್ನದು. ಬೆಳಿಗ್ಗೆ ಎದ್ದು ಅವನಿಗೆ ಹಲ್ಲುಜ್ಜಿಸಿ, ಕಕ್ಕಸಿಗೆ ಎತ್ತಿಕೊಂಡು ಹೋಗಿ, ಮೈ ತೊಳೆಸಿ, ಬಟ್ಟೆ ಹಾಕಿ, ಜಗಲಿಯಲ್ಲಿ ಕೂರಿಸಿಯೇ ಕಾರ್ಖಾನೆಯ ಬಸ್ಸಿಗೆ ಹೋಗುತ್ತಿದ್ದೆ. ಈ ಕ್ರಮ ಎಂದೂ ತಪ್ಪಿಸಿದವನಲ್ಲ. ಅವನ ಕ್ರಮ ನಾನು ಹೋದ ಮೇಲೆ ಶುರುವಾಗುತ್ತಿತ್ತು. ಇಂದು ಯಾರು ಬಂದರು, ಯಾರಿಗೆ ಎಲ್ಲಿ ನೋವು, ಯಾರಿಗೆ ಬಿಟ್ಟಿತು ಎಂದು ಸಂಜೆ ನನಗೆ ವರದಿ. ಮೂವತ್ತರ ಹತ್ತಿರದ ಗಂಡಸು, ನಮ್ಮ ಹಾಗೆಯೇ ದುಡಿದು ದಣಿದವನಂತೆ ಹೇಳುತ್ತಿದ್ದ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಒಂದು ಭಾನುವಾರ ಸೀರೆ ವ್ಯಾಪಾರಿಯೊಬ್ಬರು ಬಂದರು. ನಮ್ಮ ಬೀದಿಯ ಕೊನೆಯ ಮನೆಯವರು, ದಪ್ಪನೆಯ ಆಳು. ಗಂಟು ಎತ್ತುವಾಗ ಬೆನ್ನು ಹಿಡಿದುಕೊಂಡಿತ್ತು. ಕರೆಂಟು ಇರಲಿಲ್ಲ. ನಾನು ಜಗಲಿಯಲ್ಲೇ ಪೇಪರು ಓದುತ್ತಾ ಕೂತಿದ್ದೆ.

"ಬೆನ್ನು ಎಲ್ಲಿದೆ? ಬರೀ ಮಾಂಸ" ಎಂದ ತಮ್ಮ.

"ಏನಂತಾನಮ್ಮಾ?"

"ಬೇಗ ವಾಸಿ ಆಗುತ್ತೆ ಅಂತಾನೆ, ಮಲಕ್ಕೊಳ್ಳಿ" ಎಂದಳು ಅಮ್ಮ.

ಒಂದು ಸಲ ತಾಗಿಸಿದ್ದಾಯಿತು. ಎರಡನೆಯದಕ್ಕೆ ಅವರು, "ಇನ್ನೂ ಸ್ವಲ್ಪ ಒತ್ತಮ್ಮಾ, ಅಲ್ಲೇ, ಅಲ್ಲೇ" ಎಂದರು. ಅಮ್ಮ ಅವನ ಮಂಡಿಯ ಮೇಲೆ ಕೈಯಿಟ್ಟು ಒತ್ತಿದಳು. ಲಟಕ್ ಎಂದು ಸದ್ದಾಯಿತು. ಮಗ್ಗಗಳು ಓಡುತ್ತಿದ್ದರೆ ಆ ಸದ್ದು ಯಾರಿಗೂ ಕೇಳಿಸುತ್ತಿರಲಿಲ್ಲ.

"ಬಿಡ್ತು! ಬಿಡ್ತು ಕಣಮ್ಮಾ!" ಎಂದು ವ್ಯಾಪಾರಿ ಎದ್ದು ಕೂತರು. ಬೆನ್ನನ್ನು ಆಚೆಗೆ ಈಚೆಗೆ ತಿರುಗಿಸಿ ನೋಡಿಕೊಂಡರು. ಮುಖ ಅರಳಿತ್ತು. ಸದ್ದು ಬಂದದ್ದು ತಮ್ಮದೇ ಬೆನ್ನಿನಿಂದ ಎಂದುಕೊಂಡಿದ್ದರು. ಅಮ್ಮನೂ ಹಾಗೇ ತಿಳಿದು ನಗುತ್ತಿದ್ದಳು. ನಾನು ತಮ್ಮನ ಮುಖ ನೋಡಿದೆ. ಅವನ ಬಾಯಿ ತೆರೆದಿತ್ತು, ದನಿ ಬರುತ್ತಿರಲಿಲ್ಲ. ತೊಡೆ ನಡುವಿನಲ್ಲಿ ಬಾಗಬಾರದ ಕಡೆ ಬಾಗಿತ್ತು.

ಬಾಡಿಗೆ ವ್ಯಾನು ಮಾಡಿಕೊಂಡು ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಹೋದೆವು. ದಾರಿಯುದ್ದಕ್ಕೂ ಅವನ ತೊಡೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದೆ. ರಸ್ತೆಯ ಒಂದೊಂದು ಗುಂಡಿಗೂ ಅವನ ಮೈ ಬಿಗಿಯುತ್ತಿತ್ತು. ಮೈ ಬಿಗಿದರೆ ಮುರಿದ ಮೂಳೆಯ ತುದಿಗಳು ಒಂದಕ್ಕೊಂದು ತಾಗುತ್ತಿದ್ದವು. ಯಲಹಂಕ ದಾಟುವ ಹೊತ್ತಿಗೆ ಅವನು ಕೂಗುವುದನ್ನು ಬಿಟ್ಟು ನನ್ನ ಅಂಗಿಯ ತುದಿಯನ್ನು ಕಚ್ಚಿಕೊಂಡಿದ್ದ.

ಆಸ್ಪತ್ರೆಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ನಮ್ಮನ್ನು ಒಂದು ಥರಾ ನೋಡಿದರು. "ಯಾರು ಹೊಡೆದ್ರು ಇವರಿಗೆ?"

"ಯಾರೂ ಇಲ್ಲ ಸಾರ್."

"ಸುಮ್ಮಸುಮ್ಮನೆ ತೊಡೆ ಮೂಳೆ ಮುರಿಯಲ್ಲ. ಮನುಷ್ಯನ ಮೈಯಲ್ಲಿ ಅದಕ್ಕಿಂತ ಗಟ್ಟಿ ಮೂಳೆ ಇಲ್ಲ. ನಿಜ ಹೇಳಿ."

ತಮ್ಮ ಏನೋ ಹೇಳಿದ. ಡಾಕ್ಟರು ನನ್ನ ಮುಖ ನೋಡಿದರು.

"ತಾನೇ ಒದ್ದೆ ಅಂತಾನೆ" ಎಂದೆ.

ಅವರು ನಗಲಿಲ್ಲ. ಎಕ್ಸ್‌ರೇ ಬಂದ ಮೇಲೆ ಮಾತ್ರ ಅವರ ದನಿ ಬದಲಾಯಿತು. ದೊಡ್ಡ ಡಾಕ್ಟರನ್ನು ಕರೆದುಕೊಂಡು ಬಂದರು. ಅವರು ಫಿಲಂ ಅನ್ನು ಬೆಳಕಿಗೆ ಹಿಡಿದು, ಪಕ್ಕದಲ್ಲಿ ಬೇರೆ ಯಾರದ್ದೋ ಫಿಲಂ ಹಿಡಿದು ನನಗೆ ತೋರಿಸಿದರು. ಆ ಇನ್ನೊಬ್ಬರ ಮೂಳೆ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ತಮ್ಮನದು ಬೂದು, ಎಲ್ಲಿ ಮಾಂಸ ಮುಗಿದು ಎಲ್ಲಿ ಮೂಳೆ ಶುರುವಾಗುತ್ತದೆ ಎಂದು ಹುಡುಕಬೇಕಾಗಿತ್ತು.

"ಮೂಳೆ ಗಟ್ಟಿ ಆಗೋದು ಮೈಭಾರ ಬಿದ್ದರೆ. ನಿಲ್ಲಬೇಕು, ನಡೀಬೇಕು. ಇವರು ಎಂದಾದ್ರೂ ನಿಂತಿದ್ರಾ?" ಎಂದು ದೊಡ್ಡ ಡಾಕ್ಟರು ಕೇಳಿದರು.

ನಾನು ಇಲ್ಲ ಎನ್ನುವವನಿದ್ದೆ. ಹಿಂದೆ ನಿಂತಿದ್ದ ಅಪ್ಪ ಹೇಳಿದ, "ನಿಲ್ತಿದ್ದ ಸ್ವಾಮಿ. ಮಗ್ಗದ ಗುಂಡೀಲಿ."

ನಿಜ. ನಾನು ಮರೆತೇ ಬಿಟ್ಟಿದ್ದೆ. ಪವರ್‌ಲೂಮ್ ಬರುವ ಮೊದಲು ನಮ್ಮ ನಡುಮನೆಯಲ್ಲಿದ್ದದ್ದು ಕೈಮಗ್ಗ. ನೇಯುವವರು ಕಾಲು ಇಳಿಬಿಟ್ಟು ಕೂರಲು ನೆಲದಲ್ಲಿ ಒಂದು ಗುಂಡಿ ಇರುತ್ತಿತ್ತು. ಚಿಕ್ಕಂದಿನಲ್ಲಿ ತಮ್ಮ ಅಳುತ್ತಾನೆಂದು ಅಪ್ಪ ಅವನನ್ನು ಆ ಗುಂಡಿಯ ಮೂಲೆಯಲ್ಲಿ ನಿಲ್ಲಿಸಿ, ಬೆನ್ನಿಗೆ ಗೋಣಿಚೀಲ ಮಡಿಸಿ ಒತ್ತು ಕೊಟ್ಟು, ಪಕ್ಕದಲ್ಲೇ ನೇಯುತ್ತಿದ್ದ. ಸೊಂಟದವರೆಗೆ ಗುಂಡಿ, ಮೊಣಕೈ ನೆಲದ ಮೇಲೆ. ಬಿಗಿದ ಕಾಲುಗಳ ಮೇಲೇ ಅವನು ಬೆಳಗೆಲ್ಲ ನಿಂತಿರುತ್ತಿದ್ದ. ಲಾಳಿ ಆ ಕಡೆಯಿಂದ ಈ ಕಡೆಗೆ ಓಡುವುದನ್ನು ನೋಡಿ ಕೇಕೆ ಹಾಕುತ್ತಿದ್ದ. ಅದು ಚಿಕಿತ್ಸೆ ಎಂದು ಯಾರಿಗೂ ಗೊತ್ತಿರಲಿಲ್ಲ. ಅಪ್ಪನಿಗೆ ಅದು ಜೊತೆ, ಅಷ್ಟೇ.

ಬೀದಿಯವರೆಲ್ಲ ಪವರ್‌ಲೂಮ್ ಹಾಕಿಸಿದಾಗ ನಾವೂ ಹಾಕಿಸಿದೆವು. ಯಂತ್ರ ಕೂರಿಸಲು ನೆಲ ಸಮ ಇರಬೇಕು. ಗುಂಡಿಗೆ ಕಲ್ಲು ತುಂಬಿ ಸಿಮೆಂಟು ಹಾಕಿಸಿದರು. ಅಂದಿನಿಂದ ಅವನು ಕೂತವನು ಕೂತೇ ಇದ್ದ. ಜಗಲಿಯ ಮೇಲೆ ಸೂರು ಮುಂದಕ್ಕೆ ಚಾಚಿದ್ದರಿಂದ ಅಲ್ಲಿಗೂ ಬಿಸಿಲು ಬೀಳುತ್ತಿರಲಿಲ್ಲ. ಅದೂ ಒಂದು ಕಾರಣ ಎಂದರು ಡಾಕ್ಟರು. ಫಿಟ್ಸಿನ ಮಾತ್ರೆಯೂ ಇಷ್ಟು ವರ್ಷ ನುಂಗಿದರೆ ಮೂಳೆಯನ್ನು ಸವೆಸುತ್ತದಂತೆ. ಬಿಡಿಸಬಹುದೇ ಎಂದೆ. ಬಿಟ್ಟರೆ ಫಿಟ್ಸ್ ಬಂದು, ಆ ಸೆಳೆತಕ್ಕೇ ಇನ್ನೊಂದು ಮೂಳೆ ಮುರಿಯಬಹುದು ಎಂದರು.

ಅಪ್ಪ ಕೇಳಿದ, "ಗುಂಡಿ ಮತ್ತೆ ತೋಡಿಸ್ತೀನಿ ಸ್ವಾಮಿ. ನಾಳೇನೇ ತೋಡಿಸ್ತೀನಿ."

"ಈಗ ನಿಲ್ಲಿಸಿದ್ರೆ ನಿಂತಲ್ಲೇ ಮುರಿಯುತ್ತೆ ಯಜಮಾನ್ರೇ."

ಮನೆಗೆ ಬಂದ ಮೇಲೆ ಅಪ್ಪ, ಗುಂಡಿ ಮುಚ್ಚಿದ ಜಾಗದ ಮೇಲಿದ್ದ ಮಗ್ಗವನ್ನು ಕೂಲಿಯವರ ಕೈಗೆ ಬಿಟ್ಟು, ತಾನು ಮನೆಯ ಹಿಂಬದಿಯ ಇನ್ನೊಂದು ಮಗ್ಗಕ್ಕೆ ಹೋದ.

ಸೊಂಟದಿಂದ ಪಾದದವರೆಗೆ ಪ್ಲಾಸ್ಟರು ಹಾಕಿ ಕಳಿಸಿದ್ದರು. ನಾನು ಒಂದು ಕ್ರಮ ಹಾಕಿಕೊಂಡೆ. ಕಾರ್ಖಾನೆಯಲ್ಲಿ ಕೆಟ್ಟ ಯಂತ್ರಕ್ಕೆ ಮಾಡುವ ಹಾಗೆಯೇ. ಬೆಳಿಗ್ಗೆ ಮಂಚದ ಸಮೇತ ಹಿತ್ತಲಿಗೆ ಸಾಗಿಸಿ ಬಿಸಿಲು. ರಾಗಿ ಅಂಬಲಿ, ಹಾಲು, ಡಾಕ್ಟರು ಬರೆದ ಸುಣ್ಣದ ಮಾತ್ರೆ. ಮೇಲಿನ ಮೈಗೆ ಎಣ್ಣೆ, ತಿಕ್ಕುವುದು ಬೇಡ, ಸವರುವುದು ಮಾತ್ರ. ರಜೆ ಹಾಕಿ ನಾನೇ ಮಾಡಿದೆ, ಆಮೇಲೆ ಪಾಳಿ ಬದಲಾಯಿಸಿಕೊಂಡು ಮಾಡಿದೆ. ಕ್ರಮ ತಪ್ಪದಿದ್ದರೆ ಫಲ ಬರುತ್ತದೆ ಎಂದು ನಂಬಿದ್ದವನು ನಾನು. ಪ್ಲಾಸ್ಟರಿನೊಳಗೆ ಅಲುಗಾಡದೆ ಬಿದ್ದ ಕಾಲು ಇನ್ನಷ್ಟು ಸವೆಯುತ್ತಿದೆ ಎಂಬುದು ಪ್ಲಾಸ್ಟರು ಬಿಚ್ಚಿದ ದಿನ ಗೊತ್ತಾಯಿತು. ಹೊರಗೆ ಬಂದದ್ದು ಕಾಲಲ್ಲ, ಚರ್ಮ ಸುತ್ತಿದ ಕೋಲು.

ಈ ನಡುವೆ ಸೀರೆ ವ್ಯಾಪಾರಿ ಪೂರ್ತಿ ವಾಸಿಯಾಗಿದ್ದರು. ಮೊದಮೊದಲು ಹಣ್ಣು ಹಿಡಿದುಕೊಂಡು ಬಂದು ಅಮ್ಮನ ಮುಂದೆ ಕಣ್ಣೀರು ಹಾಕಿದರು. ಆದರೆ ಬೆನ್ನು ಮತ್ತೆ ಹಿಡಿಯಲಿಲ್ಲ ಎಂಬುದನ್ನೂ ಅವರು ಹೋದ ಕಡೆಯೆಲ್ಲ ಹೇಳಿರಬೇಕು. ಕಾಲೇ ಮುರಿಯುವಷ್ಟು ಬಲವಾಗಿ ಉಳುಕು ತೆಗೆಯುತ್ತಾನೆ ಎಂದು ಸುದ್ದಿಯಾಯಿತು. ನಮ್ಮ ಬೀದಿಯವರು ನಾಚಿ ದೂರ ಉಳಿದರು, ಗುರುತಿಲ್ಲದವರು ಬರತೊಡಗಿದರು.

ದೊಡ್ಡಬೆಳವಂಗಲದಿಂದ ಒಬ್ಬ ರೈತ ಹೆಂಗಸು ಬಂದಳು. ಗಂಡನ ಹೆಗಲು ಹಿಡಿದುಕೊಂಡು ಬಾಗಿಲಿಗೆ ಬಂದವಳನ್ನು ಅಮ್ಮ ಹೊಸಿಲಿನಲ್ಲೇ ತಡೆದಳು.

"ಇಲ್ಲ ತಾಯೀ. ಈಗ ಮಾಡಲ್ಲ. ಹೋಗಿ ಬನ್ನಿ."

ಒಳಗಿನಿಂದ ತಮ್ಮ ಕೂಗಿದ, "ಕಳಿಸ್ಬೇಡ!"

"ಸುಮ್ನಿರೋ."

"ಎಡಗಾಲು ಇದೆಯಲ್ಲ!"

"ನಿನ್ನ ಎಡಗಾಲಿಗೆ ಬೆಂಕಿ ಹಾಕ. ನನ್ನ ಕೈಯಲ್ಲಿ ಮುರಿದದ್ದು ಒಂದು ಸಾಲದಾ?"

ಅಮ್ಮ ಅವನನ್ನು ಹಾಗೆ ಬೈದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಆ ಹೆಂಗಸು ಹೋದಳು. ತಮ್ಮ ಅಂದು ಊಟ ಬಿಟ್ಟ. ಮಾರನೆಯ ದಿನವೂ ಬಿಟ್ಟ. ಬಾಯಿಯ ಹತ್ತಿರ ಚಮಚ ಹಿಡಿದರೆ ತಲೆ ತಿರುಗಿಸುತ್ತಿದ್ದ. "ಮತ್ತೆ ನಾನ್ಯಾಕೆ ಇರ್ಬೇಕು?" ಎಂದ. ಒಡೆದು ಒಡೆದು ಹೇಳಿದ ಆ ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತು. ಅದಕ್ಕೆ ನಾನೊಂದು ಉಪಾಯ ಮಾಡಿದೆ.

ಕಾಲನ್ನು ಎತ್ತುವುದೇ ಬೇಡ. ಎಡಗಾಲು ದಿಂಬಿನ ಮೇಲೆ ಮಂಚದ ಅಂಚಿಗೆ ಮಲಗಿರಲಿ. ಬಂದವರೇ ಬೆನ್ನು ತಿರುಗಿಸಿ ಕೂತು, ಮೆಲ್ಲಗೆ ಹಿಂದೆ ಸರಿದು, ಅವನ ಪಾದಕ್ಕೆ ತಾಗಿದರೆ ಸಾಕು. ಹೆಬ್ಬೆರಳು ತಾಗಿದರೂ ಪಾದವೇ. ನಾನು ನಿಂತು ನೋಡಿಕೊಳ್ಳುತ್ತೇನೆ, ನಾನಿಲ್ಲದ ಹೊತ್ತು ಯಾರೂ ಬರಕೂಡದು. ಅಮ್ಮ ಒಲ್ಲದ ಮನಸ್ಸಿನಿಂದ ಒಪ್ಪಿದಳು. ತಮ್ಮ ಮಾತ್ರ, "ಇದು ಒದೆಯೋದಾ? ಸವರೋದು" ಎಂದು ಮೂಗು ಮುರಿದ. ಆದರೆ ಊಟ ಮಾಡಿದ.

ಕೆಲವು ತಿಂಗಳು ಹಾಗೇ ನಡೆಯಿತು. ಮಂಚವನ್ನು ಜಗಲಿಗೆ ತಂದಿದ್ದೆವು. ಪಕ್ಕದ ಮನೆಯ ಅಜ್ಜಿ ಕೊನೆಗೂ ತನ್ನ ಬೆನ್ನು ತೋರಿಸಲು ಬಂದಳು. "ಮೆತ್ತಗೆ ಒದಿಯೋ, ನಂದೂ ಹಳೇ ಮೂಳೆ" ಎಂದಳು. "ನಿಂದು ಹಳೇದು, ನಂದು ಪುಡಿ" ಎಂದ. ನಾನು ಬಿಡಿಸಿ ಹೇಳುತ್ತಲೇ ಅಜ್ಜಿ ನಕ್ಕು ನಕ್ಕು ಕೆಮ್ಮಿದಳು. ನಾನೂ ನಕ್ಕೆ. ಆ ತಿಂಗಳುಗಳಲ್ಲಿ ಅವನು ಮೈಕೈ ತುಂಬಿಕೊಂಡ ಹಾಗೆ ಕಂಡ. ಗಟ್ಟಿಯಾಗುತ್ತಿದ್ದಾನೆ ಎಂದು ನಾನು ಅಪ್ಪನಿಗೆ ಹೇಳಿದೆ.

ಎರಡನೆಯ ಸಲ ಮುರಿದದ್ದು ಯಾರ ಬೆನ್ನಿಗೂ ತಾಗಿ ಅಲ್ಲ. ಒಂದು ಬೆಳಿಗ್ಗೆ ಅವನಿಗೆ ಚಡ್ಡಿ ಹಾಕುತ್ತಿದ್ದೆ. ಬೀದಿಯಲ್ಲಿ ಯಾರೋ ಲಾರಿಯ ಹಾರನ್ನು ಹೊಡೆದರು. ತಟ್ಟನೆ ಸದ್ದಾದರೆ ಅವನ ಮೈ ಬೆಚ್ಚಿ ಸೆಟೆದುಕೊಳ್ಳುತ್ತಿತ್ತು, ಹುಟ್ಟಿದಾಗಿನಿಂದ ಹಾಗೇ. ಸೆಟೆದ ಕಾಲು ನನ್ನ ಅಂಗೈಯಲ್ಲೇ ಮುರಿಯಿತು. ಬಲಗಾಲೇ, ಮಂಡಿಗಿಂತ ತುಸು ಮೇಲೆ. ನನ್ನ ಕೈ ಏನೂ ಮಾಡಿರಲಿಲ್ಲ, ಸುಮ್ಮನೆ ಹಿಡಿದಿತ್ತು.

ಮತ್ತೆ ವ್ಯಾನು, ಮತ್ತೆ ಅದೇ ರಸ್ತೆ, ಮತ್ತೆ ಪ್ಲಾಸ್ಟರು. ಈ ಸಲ ದೊಡ್ಡ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಎಷ್ಟು ಕಡಿಮೆ ಎತ್ತುತ್ತೀರೋ ಅಷ್ಟು ಒಳ್ಳೇದು" ಎಂದರು. ಮೈಭಾರ ಬೀಳದೆ ಮಲಗಿಯೇ ಇದ್ದರೆ ಮೂಳೆ ಗಟ್ಟಿಯಾಗದು ಎಂದು ಹೇಳಿದವರೂ ಅವರೇ. ನಾನು ಅದನ್ನು ನೆನಪಿಸಿದೆ. "ಗೊತ್ತು" ಎಂದರು.

ಆಮೇಲೆ ನಮಗೆಲ್ಲ ಅವನನ್ನು ಮುಟ್ಟಲು ಹೆದರಿಕೆ ಹುಟ್ಟಿತು. ಮಂಚ ಒಳಕೋಣೆಗೆ ಹೋಯಿತು. ಅಲ್ಲಿ ಬೀದಿಯ ಸದ್ದು ಕಡಿಮೆ ಎಂಬುದೇ ಕಾರಣ. ಹಾಸಿಗೆಯ ಮೇಲೆ ಅಗಲದ ಬಟ್ಟೆ ಹಾಸಿ, ನಾನೊಂದು ಕಡೆ ಅಮ್ಮನೊಂದು ಕಡೆ ಬಟ್ಟೆಯ ಅಂಚು ಹಿಡಿದು ಮಗ್ಗುಲು ಬದಲಾಯಿಸುತ್ತಿದ್ದೆವು. ಮೈಗೆ ಕೈ ತಾಗುತ್ತಲೇ ಇರಲಿಲ್ಲ. ಹುಟ್ಟಿದಂದಿನಿಂದ ಯಾರದಾದರೂ ತೋಳಿನಲ್ಲಿ, ಹೆಗಲ ಮೇಲೆ, ಮಡಿಲಲ್ಲಿ ಇದ್ದವನು. ಈಗ ಅಮ್ಮ ಅವನ ಹಣೆ ಮುಟ್ಟುವಾಗಲೂ ಒಂದು ಕ್ಷಣ ಯೋಚಿಸುತ್ತಿದ್ದಳು. ಯಾರಾದರೂ ಬೆನ್ನು ಹಿಡಿದು ಬಂದರೆ ಅವನಿಗೆ ಕೇಳಿಸದಂತೆ ಹೊರಗೇ ಕಳಿಸುತ್ತಿದ್ದೆವು. ಅವನಿಗೆ ಕೇಳಿಸುತ್ತಿತ್ತು. ಕೂಗುತ್ತಿರಲಿಲ್ಲ.

ಮೂರನೆಯದು ಯಾವಾಗ ಆಯಿತೋ ನಮಗೆ ತಿಳಿಯದು. ಪ್ಲಾಸ್ಟರು ಬಿಚ್ಚಿ ಬಹಳ ಕಾಲವಾಗಿತ್ತು. ಒದ್ದೆ ಬಟ್ಟೆಯಲ್ಲಿ ಮೈ ಒರೆಸುವಾಗ ಎಡಮಂಡಿಯ ಕೆಳಗೆ ಊದಿದ್ದು ಕಂಡಿತು. ಮುಟ್ಟಿದರೆ ಬಿಸಿ. ಚರ್ಮ ನೀಲಿಯಿಂದ ಹಳದಿಗೆ ತಿರುಗಿತ್ತು. ಇಂದಿನದಲ್ಲ ಎಂದು ಬಣ್ಣವೇ ಹೇಳುತ್ತಿತ್ತು.

"ಯಾವತ್ತಿಂದ ಇದು?" ಎಂದೆ.

ಅವನು ಗೋಡೆಯ ಕಡೆ ನೋಡಿದ.

"ಯಾವತ್ತಿಂದ ಅಂತ ಕೇಳ್ತಿದೀನಿ."

"ಏನಿಲ್ಲ."

ಅಮ್ಮ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ನಾಕಾರು ದಿನದಿಂದ ತುತ್ತು ಕಮ್ಮಿ ಮಾಡಿದ್ದ. ಬಾಯಿ ರುಚಿ ಇಲ್ಲ ಅಂದ. ನಾನೂ ನಂಬಿದೆ" ಎಂದಳು.

ಮೂಳೆ ಮುರಿದುಕೊಂಡು ಅಷ್ಟು ದಿನ ಉಸಿರೆತ್ತದೆ ಮಲಗಿದ್ದ. ನಾವು ಬಟ್ಟೆ ಹಿಡಿದು ಹೊರಳಿಸುವಾಗಲೆಲ್ಲ ಹಲ್ಲು ಕಚ್ಚಿರಬೇಕು. ನಾನು ಬೀದಿಯ ಕೊನೆಗೆ ಹೋಗಿ ವ್ಯಾನಿಗೆ ಹೇಳಿ ಬಂದೆ. ಹಾಗೆ ಮಾಡುವುದೇ ಕ್ರಮ. ಮುರಿದರೆ ಆಸ್ಪತ್ರೆ, ಆಸ್ಪತ್ರೆಗೆ ವ್ಯಾನು. ಒಳಗೆ ಬಂದು ಅವನ ಅಂಗಿ ಬದಲಾಯಿಸಲು ಹೋದೆ.

"ವ್ಯಾನ್ ಬೇಡ" ಎಂದ.

"ಹಂಗಂದ್ರೆ ಆಗಲ್ಲ ಕಣೋ. ಊದಿದೆ ನೋಡು."

"ಅಣ್ಣ, ನೀನ್ ಹೋಗು. ನಿನ್ ಬೆನ್ನು ತೋರಿಸ್ಕೊಂಡ್ ಬಾ."

ಅವನನ್ನು ಎತ್ತಿ ಎತ್ತಿ ನನ್ನ ಬೆನ್ನು ಹಿಡಿದಿದ್ದನ್ನು ಅವನಿಗೆ ಯಾರು ಹೇಳಿದ್ದರೋ. ನಾನಂತೂ ಹೇಳಿರಲಿಲ್ಲ. ನನಗೆ ನಗು ಬರಲಿಲ್ಲ, ಅವನೂ ನಗಲಿಲ್ಲ.

"ನೋವು ಇದಲ್ಲ" ಎಂದ. ಆಮೇಲೆ ಬಹಳ ಹೊತ್ತು ತೆಗೆದುಕೊಂಡು, ಒಂದೊಂದೇ ಮಾತನ್ನು ಎಳೆದು ತಂದು ಹೇಳಿದ: ಎತ್ತೋದು. ರಸ್ತೆ. ಅಲ್ಲಿ ಮೇಜಿನ ಮೇಲೆ ಕಾಲು ಎಳೆಯೋದು. ಪ್ಲಾಸ್ಟರ್. ಬಿಚ್ಚೋದು. ಮತ್ತೆ ಮುರಿಯೋದು.

ಹೊರಗೆ ವ್ಯಾನು ಬಂದು ಹಾರನ್ನು ಹೊಡೆಯಿತು. ಅವನ ಮೈ ಬೆಚ್ಚಿತು. ಮುಖ ಕಿವುಚಿದ್ದನ್ನು ನಾನು ನೋಡಿದೆ, ದನಿ ಮಾತ್ರ ಹೊರಗೆ ಬರಲಿಲ್ಲ. ಅಪ್ಪ ಮಗ್ಗ ನಿಲ್ಲಿಸಿ ಬಂದು ಬಾಗಿಲ ಪಕ್ಕ ನಿಂತ. ಎಲ್ಲರೂ ನನ್ನನ್ನು ನೋಡುತ್ತಿದ್ದರು. ಆ ಮನೆಯಲ್ಲಿ ಯಾವುದು ಯಾವ ಹೊತ್ತಿಗೆ ಆಗಬೇಕು ಎಂದು ಹೇಳುತ್ತಿದ್ದವನು ನಾನೇ ತಾನೆ.

ಹೊರಗೆ ಹೋದೆ.

"ಪೇಷಂಟ್ ರೆಡಿನಾ ಸಾರ್?" ಎಂದ ಡ್ರೈವರು.

"ಬೇಡ ಅಂತೆ. ನೀನು ಹೋಗಪ್ಪ."

"ನಾಳೆ ಬರ್ಲಾ?"

"ಬೇಡ."

ಅವನು ಆ ಇಕ್ಕಟ್ಟು ಬೀದಿಯಲ್ಲಿ ವ್ಯಾನನ್ನು ಹಿಂದೆ ಮುಂದೆ ಮಾಡಿ ತಿರುಗಿಸಿಕೊಂಡು ಹೋದ. ನಾನು ಒಳಗೆ ಬಂದು, ಸೀರೆ ಮಡಿಸಿಡುವ ರಟ್ಟುಗಳಲ್ಲಿ ಎರಡನ್ನು ಕತ್ತರಿಸಿ, ಹಳೆಯ ಪಂಚೆ ಹರಿದು, ಮಂಡಿಯ ಕೆಳಗೆ ಎರಡು ಬದಿಗೂ ಇಟ್ಟು ಕಟ್ಟಿದೆ. ಬಿಗಿಯಾಗಿ ಕಟ್ಟಲು ಧೈರ್ಯ ಬರಲಿಲ್ಲ. ಸಡಿಲವಾಗಿ ಕಟ್ಟಿದರೆ ಸೊಟ್ಟಗೆ ಕೂಡುತ್ತದೆ ಎಂದು ಗೊತ್ತಿತ್ತು. ಸಡಿಲವಾಗಿಯೇ ಕಟ್ಟಿದೆ. ಅಮ್ಮ ತಟ್ಟೆಯನ್ನು ಕೆಳಗಿಟ್ಟು, ಅನ್ನವನ್ನು ಮತ್ತೊಮ್ಮೆ ಮೆತ್ತಗೆ ಕಲೆಸಿ, ಒಂದು ತುತ್ತು ಹಿಡಿದಳು. ಅವನು ಬಾಯಿ ತೆರೆದ.

ಕಾಲು ಸೊಟ್ಟಗೇ ಕೂಡಿಕೊಂಡಿತು. ಅದಾದ ಮೇಲೂ ಅವನು ಕೆಲವು ವರ್ಷ ಇದ್ದ. ಮತ್ತೆ ಎಷ್ಟು ಸಲ ಎಲ್ಲೆಲ್ಲಿ ಮುರಿಯಿತೋ ನಾವು ಎಣಿಸಲಿಲ್ಲ. ಬೆಳಿಗ್ಗೆ ಮೈ ಒರೆಸುವಾಗ ಎಲ್ಲಾದರೂ ಬಿಸಿ ಕಂಡರೆ ಅಲ್ಲಿಗೊಂದು ರಟ್ಟು ಕಟ್ಟಿ, ಹೊದಿಕೆ ಹೊದಿಸಿ, ಬಸ್ಸಿಗೆ ಹೊತ್ತಾಯಿತೆಂದು ನಾನು ಹೊರಡುತ್ತಿದ್ದೆ.